ಕರೆಂಟು ಕಾರಿನ ಜಮಾ-ಖರ್ಚು



ನಾನು ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಓದಿದ್ದು ಮೆಟ್ರಿಕ್ ತನಕ. ಕಾರು ಓಡಿಸಲು ಇವತ್ತಿಗೂ ಬರುವುದಿಲ್ಲ. ಇಂಥವನು ವಿದ್ಯುತ್ ಕಾರಿನ ಬಗ್ಗೆ, ಅದೂ ಫೋನಿನಲ್ಲಿ ಕಾಣುವ ಅದರ ಲೆಕ್ಕಾಚಾರದ ಬಗ್ಗೆ ಹೇಳಲು ಕೂತಿದ್ದಾನಲ್ಲ ಎಂದು ನಿಮಗೆ ನಗು ಬರಬಹುದು. ಯಂತ್ರದ ವಿಚಾರ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೆ. ಆದರೆ ಬಾಕಿ ಎಷ್ಟು, ಅದು ಯಾವ ಹೊತ್ತಿನ ಬಾಕಿ, ಅದನ್ನು ಯಾರು ಬರೆದರು ಎಂದು ಕೇಳುವ ಅಭ್ಯಾಸ ಆ ಕುರ್ಚಿ ಕಲಿಸಿದ್ದು. ಒಂದು ರಾತ್ರಿ ಆ ಅಭ್ಯಾಸ ನಮ್ಮ ಮನೆಯವರ ಉಪಯೋಗಕ್ಕೆ ಬಂತು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮದು ನಾಟ್ರಾಂಪಾಳ್ಯ. ಅಂಚೆಟ್ಟಿಯಿಂದ ಹೊಗೇನಕಲ್ ಕಡೆಗೆ ಹೋಗುವ ದಾರಿಯಲ್ಲಿ, ಕಾಡು ಬೆಟ್ಟಗಳ ನಡುವೆ ಇರುವ ಊರು. ಡೆಂಕಣಿಕೋಟೆಗೆ ಹೋಗಬೇಕಾದರೆ ಹತ್ತಿರ ಹತ್ತಿರ ನಲವತ್ತು ಕಿಲೋಮೀಟರ್, ನಡುವೆ ಅಂಚೆಟ್ಟಿ ಘಾಟಿ ಏರಬೇಕು. ಹೊಸೂರು ಅಲ್ಲಿಂದ ಇನ್ನೂ ಮುಂದೆ. ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ ಒಂದು ಕರೆಂಟು ಕಾರು ತೆಗೆದುಕೊಂಡಿದ್ದಾನೆ. ಯಾವ ಕಂಪನಿಯದು ಎನ್ನುವುದು ಈ ಮಾತಿಗೆ ಬೇಕಾಗಿಲ್ಲ. ತಂಗಿಯ ಮದುವೆಯ ಲಗ್ನಪತ್ರಿಕೆ ಹಂಚಲು ಅವನೂ ಅವನ ತಮ್ಮನೂ ನಮ್ಮ ಮನೆಗೆ ಬಂದಿದ್ದರು. ಅಂದು ರಾತ್ರಿ ಹನ್ನೊಂದರ ಮೇಲೆ ನಮ್ಮಾಕೆಗೆ ಉಬ್ಬಸ ಶುರುವಾಯಿತು. ಹಳೆಯ ಕಾಯಿಲೆ, ಆದರೆ ಅಂದು ಕೈಮೀರಿತ್ತು. ಹುಡುಗನನ್ನು ಎಬ್ಬಿಸಿದೆ. ಅವನು ಕಣ್ಣುಜ್ಜಿಕೊಂಡು ಫೋನ್ ತೆರೆದು ನೋಡಿ, "ಅರವತ್ತೊಂದು ಪರ್ಸೆಂಟ್ ಇದೆ ಮಾವ, ಅತ್ತೇನ ನೇರವಾಗಿ ಹೊಸೂರಿಗೇ ಕರ್ಕೊಂಡು ಹೋಗ್ಬಿಡೋಣ" ಎಂದ.

ಹೊರಗೆ ಬಂದು ಕಾರಿನ ಗುಂಡಿ ಒತ್ತಿದರೆ ಮುಂದಿನ ಹಲಗೆಯ ಮೇಲೆ ಕಂಡದ್ದು ಮೂವತ್ತನಾಲ್ಕು.

ಕಳ್ಳ ಯಾರೂ ಕದ್ದಿರಲಿಲ್ಲ. ಮಧ್ಯಾಹ್ನ ಡೆಂಕಣಿಕೋಟೆ ದಾಟುವಾಗ ಅರವತ್ತೊಂದು ಇದ್ದದ್ದು ನಿಜ. ಆಮೇಲೆ ಘಾಟಿ ಇಳಿದು ಊರಿಗೆ ಬಂದರು. ಸಂಜೆ ತಮ್ಮ ಕಾರು ತೆಗೆದುಕೊಂಡು ಸುತ್ತಲಿನ ಹಳ್ಳಿಗಳಿಗೆಲ್ಲ ಪತ್ರಿಕೆ ಹಂಚಿ ಬಂದ. ಇಷ್ಟೂ ಹೊತ್ತು ಕಾರಿನೊಳಗಿನ ಸಿಮ್ಮಿಗೆ ಸಿಗ್ನಲ್ ಸಿಕ್ಕಿರಲಿಲ್ಲ. ಫೋನು ತನಗೆ ಕೊನೆಗೆ ಗೊತ್ತಿದ್ದ ಲೆಕ್ಕವನ್ನೇ ತೋರಿಸುತ್ತಾ ಕೂತಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎಷ್ಟು ಗಂಟೆಯ ಲೆಕ್ಕ ಎಂದೂ ಬರೆದಿತ್ತು. ಆ ಹೊತ್ತಿನಲ್ಲಿ ಸಣ್ಣ ಅಕ್ಷರ ಯಾರು ಓದುತ್ತಾರೆ?

ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಬರುತ್ತಿದ್ದ ಎಷ್ಟೋ ಜನ ನೆನಪಾದರು. ಮೂರು ತಿಂಗಳ ಹಿಂದೆ ಎಂಟ್ರಿ ಹಾಕಿಸಿದ ಪುಸ್ತಕ ತೋರಿಸಿ, ಇಷ್ಟಿದೆಯಲ್ಲ ಸಾರ್, ಯಾಕೆ ಕೊಡಲ್ಲ ಎಂದು ಜಗಳವಾಡುವರು. ಪುಸ್ತಕ ಸುಳ್ಳು ಹೇಳುವುದಿಲ್ಲ, ಆದರೆ ಹಳೆಯದನ್ನು ಹೇಳುತ್ತದೆ. ಲೆಡ್ಜರಿನ ಬಾಕಿಯೇ ಬೇರೆ ಇರುತ್ತದೆ.

ಈಗ ಆ್ಯಪ್ ಎಂದರೇನು ಎಂದು ಒಂದು ಮಾತು. ತಮಿಳಿನಲ್ಲಿ ಇದಕ್ಕೆ ಸೆಯಲಿ ಎನ್ನುತ್ತಾರೆ, ಅಚ್ಚ ಕನ್ನಡ ಬರೆಯುವವರು ಕಿರುತಂತ್ರಾಂಶ ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಎರಡು ಭಾಷೆಯವರೂ ಹೇಳುವುದು ಆ್ಯಪ್ ಎಂದೇ. ಕರೆಂಟು ಕಾರಿನ ಲೆಕ್ಕ ಈ ಆ್ಯಪಿಗೆ ಬಂದು ಸೇರಲು ಎರಡು ದಾರಿಗಳಿವೆ. ನೋಡುವುದಕ್ಕೆ ಎರಡೂ ಫೋನಿನ ಪರದೆಯೇ ಆದ್ದರಿಂದ ಒಂದೇ ಎಂದು ಜನ ತಿಳಿಯುತ್ತಾರೆ. ಒಂದೇ ಅಲ್ಲ.

ಮೊದಲನೆಯದು ಕಂಪನಿಯ ದಾರಿ. ಕಾರಿನೊಳಗೆ ಒಂದು ಸಿಮ್ ಕಾರ್ಡ್ ಇರುತ್ತದೆ. ಬ್ಯಾಟರಿಯ ಮಟ್ಟ, ಕಾರು ನಿಂತಿರುವ ಜಾಗ, ಬಾಗಿಲು ಹಾಕಿದೆಯೋ ಇಲ್ಲವೋ, ಇವನ್ನೆಲ್ಲ ಆ ಸಿಮ್ಮಿನ ಮೂಲಕ ಕಂಪನಿಯ ಕಂಪ್ಯೂಟರಿಗೆ ಕಳಿಸುತ್ತದೆ. ನಿಮ್ಮ ಫೋನು ಕೇಳುವುದು ಕಾರನ್ನಲ್ಲ, ಆ ಕಂಪ್ಯೂಟರನ್ನು. ಕಾರು ನಮ್ಮ ಮನೆಯ ಹುಣಸೆ ಮರದ ಕೆಳಗೆ ನಿಂತಿದೆ, ಫೋನು ನಮ್ಮ ಜೇಬಿನಲ್ಲಿದೆ, ಆದರೂ ಸುದ್ದಿ ಯಾವುದೋ ದೂರದ ಊರಿಗೆ ಹೋಗಿ ಬರಬೇಕು. ಸಿಗ್ನಲ್ ಇದ್ದರೆ ಇದು ದೊಡ್ಡ ಅನುಕೂಲ: ಅಮೆರಿಕದಲ್ಲಿ ಕೂತ ಮಗನಿಗೂ ಅಪ್ಪನ ಕಾರು ಎಲ್ಲಿದೆ ಎಂದು ಕಾಣುತ್ತದೆ. ಸಿಗ್ನಲ್ ಇಲ್ಲದಿದ್ದರೆ ಹಳೆಯ ಪಾಸ್‌ಬುಕ್. ಅದೂ ಅಲ್ಲದೆ, ನಿಂತ ಕಾರು ತನ್ನ ಸಣ್ಣ ಬ್ಯಾಟರಿ ಉಳಿಸಲು ನಿದ್ದೆಗೆ ಹೋಗುತ್ತದೆ. ಆಗ ಸುದ್ದಿ ಕಳಿಸುವುದು ಕಡಿಮೆಯಾಗುತ್ತದೆ.

ಎರಡನೆಯದು ನೇರ ದಾರಿ. ಸ್ಟೀರಿಂಗಿನ ಕೆಳಗೆ, ಮಂಡಿಗೆ ತಾಗುವ ಜಾಗದಲ್ಲಿ, ಹದಿನಾರು ತೂತುಗಳ ಒಂದು ಸಾಕೆಟ್ ಇರುತ್ತದೆ. ಓ.ಬಿ.ಡಿ. ಎಂದು ಕರೆಯುತ್ತಾರೆ. ಮೆಕ್ಯಾನಿಕ್ಕುಗಳು ಕಾರಿನ ದೋಷ ಹುಡುಕಲೆಂದು ಇಟ್ಟದ್ದು. ಅಮೆರಿಕದಲ್ಲಿ 1996ರ ಮಾದರಿಯಿಂದ ಎಲ್ಲ ಕಾರುಗಳಿಗೂ ಇದನ್ನು ಕಡ್ಡಾಯ ಮಾಡಿದರು. ಪೆಟ್ರೋಲ್ ಕಾರಿನ ಹೊಗೆ ತಪಾಸಣೆಗೆಂದು ಹುಟ್ಟಿದ ಸಾಕೆಟ್ಟು ಹೊಗೆಯೇ ಇಲ್ಲದ ಕಾರಿನಲ್ಲೂ ಉಳಿದುಕೊಂಡಿದೆ. ಬೆಂಕಿಪೆಟ್ಟಿಗೆಯಷ್ಟು ದೊಡ್ಡದೊಂದು ಸಾಧನವನ್ನು ಅದಕ್ಕೆ ಚುಚ್ಚಿದರೆ, ಅದು ಬ್ಲೂಟೂತ್ ಮೂಲಕ ಪಕ್ಕದಲ್ಲಿರುವ ಫೋನಿಗೆ ಮಾತಾಡುತ್ತದೆ. ನಡುವೆ ಟವರ್ ಇಲ್ಲ, ಕಂಪನಿಯ ಕಂಪ್ಯೂಟರ್ ಇಲ್ಲ. ಕಾರು ಹೇಳಿದ್ದನ್ನು ಹೇಳಿದ ಕ್ಷಣದಲ್ಲೇ ಫೋನು ತೋರಿಸುತ್ತದೆ. ಕಾಡಿನ ನಡುವೆಯೂ ತೋರಿಸುತ್ತದೆ.

ಕಾರಿನೊಳಗೆ ಮಾತು ಹೇಗೆ ನಡೆಯುತ್ತದೆ ಎಂಬುದು ಸ್ವಾರಸ್ಯವಾಗಿದೆ. ಮೋಟಾರು, ಬ್ಯಾಟರಿ, ಬ್ರೇಕು, ಏಸಿ ಇವುಗಳಿಗೆಲ್ಲ ಒಂದೊಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಒಂದಕ್ಕೊಂದು ಬೇರೆ ಬೇರೆ ತಂತಿ ಎಳೆಯುವ ಬದಲು, ಹುರಿ ಹಾಕಿದ ಒಂದು ಜೋಡಿ ತಂತಿಯ ಮೇಲೆ ಹಲವು ಒಟ್ಟಿಗೆ ಮಾತಾಡಿಕೊಳ್ಳುತ್ತವೆ. ಊರ ಚಾವಡಿಯಿದ್ದ ಹಾಗೆ. ಒಬ್ಬರು ಹೇಳಿದ್ದು ಕೂತವರಿಗೆಲ್ಲ ಕೇಳಿಸುತ್ತದೆ, ಬೇಕಾದವರು ಕಿವಿಗೊಡುತ್ತಾರೆ. ಜರ್ಮನಿಯ ಬಾಷ್ ಕಂಪನಿಯವರು ಈ ಪದ್ಧತಿಯನ್ನು 1986ರಲ್ಲಿ ಹೊರತಂದರು. ನಮ್ಮ ಬೆಂಕಿಪೆಟ್ಟಿಗೆಯ ಸಾಧನ ಆ ಚಾವಡಿಯ ಮೂಲೆಯಲ್ಲಿ ಕೂತು ಕೇಳಿಸಿಕೊಂಡು ಬಂದು ನಮಗೆ ವರದಿ ಒಪ್ಪಿಸುತ್ತದೆ.

ಆದರೆ ಒಂದು ತೊಡಕಿದೆ. ಪೆಟ್ರೋಲ್ ಕಾರುಗಳಲ್ಲಿ ಇಂಥ ಪ್ರಶ್ನೆಗೆ ಇಂಥ ಉತ್ತರ ಎಂದು ಸಾಮಾನ್ಯ ನಿಯಮವಿದೆ. ಕರೆಂಟು ಕಾರಿನ ಬ್ಯಾಟರಿ ವಿಚಾರದಲ್ಲಿ ಒಂದೊಂದು ಕಂಪನಿಯದು ಒಂದೊಂದು ಗುಟ್ಟಿನ ಭಾಷೆ. ಅದನ್ನು ಬಿಡಿಸಿದವರು ಹೆಚ್ಚಾಗಿ ಹವ್ಯಾಸಿಗಳು. ಜಪಾನಿನ ನಿಸಾನ್ ಕಂಪನಿಯ ಲೀಫ್ ಎಂಬ ಕಾರು 2010ರ ಕೊನೆಯಲ್ಲಿ ಮಾರಾಟಕ್ಕೆ ಬಂತು. ಅದರ ಮಾಲೀಕರು ತಾವೇ ಕೂತು ಸಂಖ್ಯೆಗಳ ಅರ್ಥ ಹುಡುಕಿದರು. ಆ ಕೆಲಸದಿಂದ ಹುಟ್ಟಿದ ಲೀಫ್ ಸ್ಪೈ ಎಂಬ ಆ್ಯಪ್ ಇಂದಿಗೂ ಆ ಕಾರಿನವರಲ್ಲಿ ಹೆಸರುವಾಸಿ. ಅದಕ್ಕೇ, ಸಾಧನ ಕೊಳ್ಳುವ ಮೊದಲು ನಿಮ್ಮ ಕಾರಿನ ಮಾದರಿಯ ಭಾಷೆ ಆ ಆ್ಯಪಿಗೆ ಬರುತ್ತದೆಯೇ ಎಂದು ವಿಚಾರಿಸಬೇಕು. ಇಲ್ಲದಿದ್ದರೆ ಇಂಜಿನ್ನಿನ ಸುತ್ತು ಎಷ್ಟು ಎಂದು ಇಂಜಿನ್ನೇ ಇಲ್ಲದ ಕಾರನ್ನು ಕೇಳುತ್ತಾ ಕೂತಿರುತ್ತದೆ.

ಮತ್ತೆ ಆ ರಾತ್ರಿಗೆ ಬರೋಣ. ಕಾರಿನ ಹಲಗೆಯ ಮೇಲೆ 34 ಪರ್ಸೆಂಟ್, ಪಕ್ಕದಲ್ಲಿ 80 ಕಿ.ಮೀ. ಎಂದು ಇತ್ತು. ಹೊಸೂರಿಗೆ ಅರವತ್ತರ ಮೇಲಾಗುತ್ತದೆ. 80 ಇದೆಯಲ್ಲ, ಸಾಕಲ್ಲ ಎಂದು ಹುಡುಗ. ನನಗೆ ಯಾಕೋ ಆ 80ರ ಮೇಲೆ ನಂಬಿಕೆ ಬರಲಿಲ್ಲ. ಅದನ್ನು ಯಾರು ಬರೆದರು? ಅವನು ವಿವರಿಸಿದ: ಉಳಿದ ಕರೆಂಟನ್ನು ಕಾರು ಇತ್ತೀಚೆಗೆ ಕಿಲೋಮೀಟರಿಗೆ ಎಷ್ಟು ಸುಟ್ಟಿದೆಯೋ ಅದರಿಂದ ಭಾಗಿಸುತ್ತದೆ ಅಂತೆ. ಹಾಗಾದರೆ ಅದು ನಿನ್ನೆಯ ಖರ್ಚು ನೋಡಿ ನಾಳೆಯದನ್ನು ಹೇಳುವ ಅಂದಾಜು. ನಿನ್ನೆ ಇಳಿಜಾರು, ನಾಳೆ ಏರು. ಮದುವೆಯ ತಿಂಗಳಿಗೆ ಹಿಂದಿನ ತಿಂಗಳ ಖರ್ಚಿನ ಲೆಕ್ಕ ಹಾಕಿದರೆ ಹೇಗಾಗುತ್ತದೆಯೋ ಹಾಗೆ.

ಆದ್ದರಿಂದ ಕಿಲೋಮೀಟರ್ ಬಿಟ್ಟು ಯೂನಿಟ್ಟಿಗೆ ಬಂದೆವು. ಯೂನಿಟ್ ಎಂದರೆ ನಮ್ಮ ಮನೆಯ ಮೀಟರಿನ ಯೂನಿಟ್ಟೇ. ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು. ಐದು ಎಚ್.ಪಿ. ಪಂಪು ಒಂದು ಗಂಟೆ ಓಡಿದರೆ ನಾಲ್ಕು ಯೂನಿಟ್ ಹತ್ತಿರ ಆಗುತ್ತದೆ. ಈ ಕಾರಿನ ಬ್ಯಾಟರಿ ತುಂಬಿದರೆ ಮೂವತ್ತು ಯೂನಿಟ್. ಅಂದರೆ ಅದೇ ಪಂಪನ್ನು ಏಳೆಂಟು ಗಂಟೆ ಓಡಿಸುವಷ್ಟು. 34 ಪರ್ಸೆಂಟ್ ಎಂದರೆ ಹತ್ತು ಯೂನಿಟ್ ಚಿಲ್ಲರೆ. ಮೆಲ್ಲಗೆ ಹೋದರೆ ಸಮತಟ್ಟಿನಲ್ಲಿ ಕಿಲೋಮೀಟರಿಗೆ 0.12 ಯೂನಿಟ್ ಖರ್ಚು ಎಂದು ಅವನ ಅನುಭವ. ಡೆಂಕಣಿಕೋಟೆಯ ನಲವತ್ತು ಕಿಲೋಮೀಟರಿಗೆ 4.8. ಇನ್ನು ಏರಿನ ಲೆಕ್ಕ ಬೇರೆ. ಒಂದೂವರೆ ಟನ್ ತೂಕದ ಕಾರನ್ನು ನೂರು ಮೀಟರ್ ಮೇಲಕ್ಕೆ ಎತ್ತಲು ಸುಮಾರು 0.4 ಯೂನಿಟ್ ಬೇಕೇಬೇಕು. ಇದು ಯಾವ ಕಂಪನಿಯೂ ಬದಲಿಸಲಾಗದ ಭೂಮಿಯ ಸೆಳೆತದ ಲೆಕ್ಕ. ಘಾಟಿಗೆಂದು ಧಾರಾಳವಾಗಿ 1.6 ಇಟ್ಟೆವು. ಒಟ್ಟು 6.4. ಹತ್ತರಲ್ಲಿ ಕಳೆದರೆ ಮೂರೂವರೆಯ ಮೇಲೆ ಉಳಿಯುತ್ತದೆ. ಹೊಸೂರಿಗಾದರೆ ಬ್ಯಾಟರಿ ದಾರಿಯಲ್ಲೇ ತಳ ಮುಟ್ಟುವ ಅಪಾಯ. ಇಷ್ಟು ಲೆಕ್ಕಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಡೆಂಕಣಿಕೋಟೆಗೇ ಎಂದು ನಿರ್ಧರಿಸಿ ಹೊರಟೆವು.

ಹುಡುಗ ಡ್ರಾಯರಿನಿಂದ ಆ ಸಾಧನ ತೆಗೆದು ಚುಚ್ಚಿ, ಫೋನನ್ನು ಪಕ್ಕದಲ್ಲಿ ಕೂತ ನನ್ನ ಕೈಗೆ ಕೊಟ್ಟ. ಓಡಿಸುವವನು ಅದನ್ನು ನೋಡಬಾರದು. ಅಂಥ ದಾರಿಯಲ್ಲಿ, ಆನೆ ಅಡ್ಡ ಬರುವ ಕಾಡಿನಲ್ಲಿ, ಕಣ್ಣು ರಸ್ತೆಯ ಮೇಲೇ ಇರಬೇಕು. ನಾನು ಓದಿ ಹೇಳುತ್ತಿದ್ದೆ. ಮುಖ್ಯವಾಗಿ ನೋಡಿದ್ದು ಒಂದೇ ಅಂಕಿ: ಈ ಕ್ಷಣ ಬ್ಯಾಟರಿಯಿಂದ ಎಷ್ಟು ಕಿಲೋವ್ಯಾಟ್ ಹೊರಗೆ ಹೋಗುತ್ತಿದೆ. ಸಮತಟ್ಟಿನಲ್ಲಿ ಐದಾರು. ಏಸಿ ಹಾಕಿದಾಗ ಒಂದೂವರೆ ಜಾಸ್ತಿ. ನಮ್ಮಾಕೆಗೆ ಕಿಟಕಿಯ ಗಾಳಿಯೇ ಹಿತವಾಗಿತ್ತು, ಏಸಿ ತೆಗೆದೆವು. ಘಾಟಿ ಏರುವಾಗ ಇಪ್ಪತ್ತೈದು, ಇಪ್ಪತ್ತೆಂಟಕ್ಕೆ ಹೋಗುತ್ತಿತ್ತು. ಆತುರದಿಂದ ಪೆಡಲ್ ಒತ್ತಿದರೆ ನಲವತ್ತು ದಾಟುತ್ತಿತ್ತು. ನಾನು ಅಂಕಿ ಹೇಳುವುದು, ಅವನು ಕಾಲು ಸಡಿಲಿಸುವುದು. ಹಲಗೆಯ ಮೇಲಿನ 80 ಮಾತ್ರ ಘಾಟಿಯಲ್ಲಿ ಐದು ಕಿಲೋಮೀಟರ್ ಹೋಗುವಷ್ಟರಲ್ಲಿ ಇಪ್ಪತ್ತೈದು ಕಿಲೋಮೀಟರ್ ಇಳಿಯಿತು. ಅದೊಂದನ್ನೇ ನಂಬಿ ಕೂತಿದ್ದರೆ ಎದೆ ಒಡೆಯುತ್ತಿತ್ತು. ಯೂನಿಟ್ಟಿನ ಲೆಕ್ಕ ಮಾತ್ರ ನಾವು ಹಾಕಿದ ಗೆರೆ ಬಿಡಲಿಲ್ಲ.

ನಡುವೆ ಇಳಿಜಾರು ಬಂದಾಗ ಅಂಕಿಯ ಹಿಂದೆ ಕಳೆಯುವ ಚಿಹ್ನೆ ಬಿತ್ತು. ಮೈನಸ್ ಒಂಬತ್ತು. ನಾನು ಹೆದರಿದೆ. "ಅದು ಜಮಾ ಮಾವ, ಖರ್ಚಲ್ಲ" ಎಂದು ಹುಡುಗ ನಕ್ಕ. ಇಳಿಯುವಾಗ ಮೋಟಾರೇ ಡೈನಮೋ ಆಗಿ ಕರೆಂಟು ಮಾಡಿ ಬ್ಯಾಟರಿಗೆ ಹಿಂತಿರುಗಿಸುತ್ತದೆ, ಕಾರಿಗೆ ತಡೆಯೂ ಬೀಳುತ್ತದೆ. ಏರುವಾಗ ಕೊಟ್ಟದ್ದೆಲ್ಲ ಇಳಿಯುವಾಗ ಬರುವುದಿಲ್ಲ. ಒಂದು ಪಾಲು ಗಾಳಿಗೆ, ಟೈರಿಗೆ, ಬಿಸಿಗೆ ಹೋಗುತ್ತದೆ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು, ಯಾಕೆಂದರೆ ಇದು ನಮ್ಮ ದಾರಿಗೇ ಸಂಬಂಧಿಸಿದ್ದು. ಬ್ಯಾಟರಿ ನೂರಕ್ಕೆ ನೂರು ತುಂಬಿಸಿಕೊಂಡು ಘಾಟಿ ಇಳಿಯಲು ಶುರು ಮಾಡಿದರೆ ಜಮಾ ಮಾಡಲು ಜಾಗವಿರುವುದಿಲ್ಲ. ಆಗ ಆ ತಡೆ ತುಂಬಾ ಕಡಿಮೆಯಾಗಿ, ಭಾರವೆಲ್ಲ ಕಾಲಿನ ಬ್ರೇಕಿನ ಮೇಲೆ ಬೀಳುತ್ತದೆ. ಕಾರು ಎಂದಿನಂತೆ ತಾನೇ ನಿಧಾನವಾಗುತ್ತದೆ ಎಂದುಕೊಂಡವರು ಮೊದಲ ತಿರುವಿನಲ್ಲಿ ಗಾಬರಿಯಾಗುತ್ತಾರೆ. ಡೆಂಕಣಿಕೋಟೆಯಲ್ಲಿ ಚಾರ್ಜು ಮಾಡಿಸಿ ಅಂಚೆಟ್ಟಿಗೆ ಇಳಿಯುವವರು ಹತ್ತಿಪ್ಪತ್ತು ಪರ್ಸೆಂಟ್ ಜಾಗ ಬಿಡುವುದು ಒಳ್ಳೆಯದು.

ಡೆಂಕಣಿಕೋಟೆ ಆಸ್ಪತ್ರೆಯ ಮುಂದೆ ನಿಂತಾಗ ಉಳಿದದ್ದು 12 ಪರ್ಸೆಂಟ್. ನಮ್ಮಾಕೆಗೆ ಮುಖಕ್ಕೆ ಹೊಗೆಯ ಔಷಧಿ ಹಿಡಿದರು, ಬೆಳಿಗ್ಗೆಯ ಹೊತ್ತಿಗೆ ಎದ್ದು ಕೂತು ಕಾಫಿ ಕೇಳಿದಳು.

ಇನ್ನು ಕಂಪನಿಗಳು ಜಾಹೀರಾತಿನಲ್ಲಿ ಹೇಳುವ ದೂರದ ಬಗ್ಗೆ. 2020ರ ಜನವರಿಯಲ್ಲಿ ಟಾಟಾ ಕಂಪನಿಯ ನೆಕ್ಸಾನ್ ಕರೆಂಟು ಕಾರು ಬಿಡುಗಡೆಯಾದಾಗ ಅದರ ಬ್ಯಾಟರಿ 30.2 ಯೂನಿಟ್, ಪರೀಕ್ಷೆಯ ದೂರ 312 ಕಿ.ಮೀ. ಎಂದಿತ್ತು. ಭಾಗಿಸಿ ನೋಡಿ, ಕಿಲೋಮೀಟರಿಗೆ 0.1 ಯೂನಿಟ್ಟಿಗೂ ಕಡಿಮೆ. ಅದು ಮೋಸವಲ್ಲ. ಉರುಳೆಗಳ ಮೇಲೆ ಕಾರು ನಿಲ್ಲಿಸಿ, ಗೊತ್ತಾದ ವೇಗದಲ್ಲಿ ಓಡಿಸಿ ಮಾಡುವ ಪರೀಕ್ಷೆ. ಎಲ್ಲ ಕಾರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಇರುವುದು. ಆ ಉರುಳೆಗಳಿಗೆ ಅಂಚೆಟ್ಟಿ ಘಾಟಿ ಇಲ್ಲ. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಓಡಿಸಿದರೆ ಗಾಳಿಯ ತಡೆಯೊಂದೇ ಐವತ್ತರ ವೇಗದಲ್ಲಿ ಇದ್ದದ್ದಕ್ಕಿಂತ ನಾಲ್ಕು ಪಟ್ಟಾಗುತ್ತದೆ. ನಿಮ್ಮ ಕಾರಿಗೆ, ನಿಮ್ಮ ದಾರಿಗೆ, ನಿಮ್ಮ ಕಾಲಿಗೆ ಕಿಲೋಮೀಟರಿಗೆ ಎಷ್ಟು ಎನ್ನುವುದನ್ನು ಒಂದೆರಡು ವಾರ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಜಾಹೀರಾತಿನ ಅಗತ್ಯವೇ ಬೀಳುವುದಿಲ್ಲ.

ಈ ಕಾರು-ಫೋನಿನ ನಂಟು ಯಾವುದೋ ಪರದೇಶದ ಸಂಗತಿ ಎಂದುಕೊಳ್ಳಬೇಡಿ. ಹೊಸೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಬೊಮ್ಮಸಂದ್ರ ಸಿಗುತ್ತದಲ್ಲ, ಅಲ್ಲಿಯೇ ಚೇತನ್ ಮೈನಿಯವರ ರೇವಾ ಎಂಬ ಪುಟ್ಟ ಕರೆಂಟು ಕಾರು ತಯಾರಾಗುತ್ತಿತ್ತು. 2001ರಲ್ಲಿ ಮಾರಾಟಕ್ಕೆ ಬಂತು. ಲಂಡನ್ನಿನ ಬೀದಿಗಳಲ್ಲೂ ಬೇರೆ ಹೆಸರಿನಿಂದ ಓಡಾಡಿತು. 2009ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮೋಟಾರು ಮೇಳದಲ್ಲಿ ರೇವಾದವರು ಒಂದು ಹೊಸ ಉಪಾಯ ತೋರಿಸಿದರು. ಚಾರ್ಜು ಮುಗಿದು ದಾರಿಯಲ್ಲಿ ನಿಂತವನು ಕಂಪನಿಗೆ ಫೋನ್ ಮಾಡಿದರೆ ಅಥವಾ ಮೆಸೇಜ್ ಕಳಿಸಿದರೆ, ಅವರು ಕೂತಲ್ಲಿಂದಲೇ ಬ್ಯಾಟರಿಯ ಲೆಕ್ಕ ಪರಿಶೀಲಿಸಿ, ಒಳಗೆ ಬಚ್ಚಿಟ್ಟ ಕೊಂಚ ಕರೆಂಟನ್ನು ಬಿಡುಗಡೆ ಮಾಡುವರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಓವರ್‌ಡ್ರಾಫ್ಟ್! ಎಲ್ಲ ಬ್ಯಾಟರಿಗಳಲ್ಲೂ ಸೊನ್ನೆಯ ಕೆಳಗೆ ಸ್ವಲ್ಪ ಮಿನಿಮಮ್ ಬ್ಯಾಲೆನ್ಸ್ ಇಟ್ಟಿರುತ್ತಾರೆ, ಬ್ಯಾಟರಿ ಹಾಳಾಗದಿರಲಿ ಎಂದು. ಅದರಲ್ಲಿ ಒಂದಿಷ್ಟನ್ನು ಮ್ಯಾನೇಜರ್ ಒಪ್ಪಿಗೆ ಕೊಟ್ಟು ಬಿಡಿಸಿದ ಹಾಗೆ. 2010ರಲ್ಲಿ ಮಹೀಂದ್ರಾದವರು ಆ ಕಂಪನಿಯಲ್ಲಿ ಹೆಚ್ಚಿನ ಪಾಲು ಕೊಂಡರು. 2013ರ ಮಾರ್ಚಿನಲ್ಲಿ ಇ2ಓ ಎಂಬ ಕಾರು ಹೊರಬಂತು. ಚಾರ್ಜು ಎಷ್ಟಿದೆ ಎಂದು ಫೋನಿನಲ್ಲೇ ನೋಡುವುದು, ಹತ್ತುವ ಮೊದಲೇ ಏಸಿ ಹಾಕುವುದು, ಬಾಗಿಲು ಹಾಕುವುದು, ಆ ಓವರ್‌ಡ್ರಾಫ್ಟ್ ಕೇಳುವುದು, ಎಲ್ಲ ಅದರಲ್ಲಿ ಇತ್ತು. ಆ ಕಾರು ಈಗ ತಯಾರಾಗುತ್ತಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲೇ, ಹೊಸೂರಿನ ಟಿ.ವಿ.ಎಸ್., ಏಥರ್ ಕಾರ್ಖಾನೆಗಳಿಂದಲೂ ಪೋಚಂಪಳ್ಳಿಯ ಓಲಾ ಕಾರ್ಖಾನೆಯಿಂದಲೂ ಹೊರಬಂದ ಎಷ್ಟೋ ಕರೆಂಟು ಸ್ಕೂಟರುಗಳು ಫೋನಿಗೆ ಲೆಕ್ಕ ಒಪ್ಪಿಸುತ್ತಿವೆ. ನಮ್ಮೂರ ಎಷ್ಟೋ ಮಕ್ಕಳು ಇಂಥ ಕೆಲಸಕ್ಕೇ ಹೊಸೂರಿಗೆ ಹೋಗುತ್ತಾರೆ.

ಲೆಕ್ಕ ಇದೆ ಎಂದ ಮೇಲೆ ಅದನ್ನು ಯಾರು ನೋಡಬಹುದು ಎಂಬ ಪ್ರಶ್ನೆ ಬಂದೇ ಬರುತ್ತದೆ. 2016ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಟ್ರಾಯ್ ಹಂಟ್ ಎಂಬ ಕಂಪ್ಯೂಟರ್ ಭದ್ರತಾ ತಜ್ಞರು ಒಂದು ಸಂಗತಿ ಬಯಲಿಗೆ ತಂದರು. ನಿಸಾನ್ ಲೀಫ್ ಕಾರಿನ ಆ್ಯಪಿಗೆ ಗುಟ್ಟಿನ ಸಂಖ್ಯೆಯ ಕಾವಲೇ ಇರಲಿಲ್ಲ. ಕಾರಿನ ಚಾಸಿ ನಂಬರ್ ಗೊತ್ತಿದ್ದರೆ ಸಾಕು. ಆ ನಂಬರೋ, ಮುಂದಿನ ಗಾಜಿನಲ್ಲಿ ದಾರಿಹೋಕರಿಗೆಲ್ಲ ಕಾಣುತ್ತದೆ. ಅವರು ಆಸ್ಟ್ರೇಲಿಯಾದಲ್ಲಿ ಕೂತು ಇಂಗ್ಲೆಂಡಿನಲ್ಲಿದ್ದ ಗೆಳೆಯನ ಕಾರಿನ ಏಸಿ ಹಾಕಿ ತೋರಿಸಿದರು, ಗೆಳೆಯನ ಒಪ್ಪಿಗೆ ಪಡೆದೇ. ಯಾವ ದಿನ ಎಷ್ಟು ಓಡಿತು ಎಂಬ ಲೆಕ್ಕವೂ ಕಾಣುತ್ತಿತ್ತು. ಕಂಪನಿ ಆ್ಯಪನ್ನು ಆಗ ನಿಲ್ಲಿಸಿತು. ಓಡುವ ಕಾರನ್ನು ಯಾರೂ ತಿರುಗಿಸಲಾಗುತ್ತಿರಲಿಲ್ಲ, ನಿಜ. ಆದರೆ ನೀವು ಬೆಳಿಗ್ಗೆ ಎಷ್ಟು ಗಂಟೆಗೆ ಮನೆ ಬಿಡುತ್ತೀರಿ ಎಂದು ಗೊತ್ತಾದರೆ ಕಳ್ಳನಿಗೆ ಬೇರೇನು ಬೇಕು? ಇಂಥ ಸ್ವಂತ ವಿವರಗಳ ರಕ್ಷಣೆಗೆಂದು ನಮ್ಮ ಸಂಸತ್ತು 2023ರಲ್ಲಿ ಒಂದು ಕಾಯ್ದೆ ಮಾಡಿದೆ. ಕಾಯ್ದೆ ಏನೇ ಇರಲಿ, ಗುಟ್ಟಿನ ಸಂಖ್ಯೆಯನ್ನು ಫೋನಿನ ಹಿಂದೆ ಚೀಟಿ ಅಂಟಿಸಿ ಇಟ್ಟುಕೊಂಡವರನ್ನು ಯಾರೂ ಕಾಪಾಡಲಾರರು. ಎ.ಟಿ.ಎಂ. ಬಂದ ಹೊಸದರಲ್ಲಿ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು.

ಕಂಪನಿಯ ದಾರಿಗೆ ಇನ್ನೊಂದು ಕೊರತೆ ಇದೆ. ಅದು ಎಷ್ಟು ವರ್ಷ ಇರುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ ಒಂದರಿಂದ ಹಳೆಯ ಲೀಫ್ ಕಾರುಗಳಿಗೆ ಆ್ಯಪ್ ಸೇವೆ ನಿಂತುಹೋಯಿತು. ಕಾರಿನಲ್ಲಿದ್ದ ಸಿಮ್ಮು 2ಜಿ ಕಾಲದ್ದು, ಅಲ್ಲಿ 2ಜಿ ಮುಗಿಯುವ ಹಂತಕ್ಕೆ ಬಂದಿತ್ತು. ಕಾರು ಚೆನ್ನಾಗಿಯೇ ಓಡುತ್ತಿತ್ತು, ಪಾಸ್‌ಬುಕ್ ಮಾತ್ರ ರದ್ದಾಯಿತು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಈ ಭಯವಿಲ್ಲ.

ಹಾಗೆಂದು ಸಾಧನ ಚುಚ್ಚಿ ಮರೆತುಬಿಡಬೇಡಿ. ಕಾರು ನಿಂತಾಗಲೂ ಅದು ಸಣ್ಣ ಬ್ಯಾಟರಿಯಿಂದ ಕರೆಂಟು ಹೀರುತ್ತದೆ. ಹಲವು ದಿನ ಬಿಟ್ಟರೆ ಕಾರಿನ ಬಾಗಿಲೇ ತೆರೆಯದೆ ಹೋಗಬಹುದು. ಅಗ್ಗದವುಗಳ ಗುಟ್ಟಿನ ಸಂಖ್ಯೆ 1234 ಎಂದೇ ಇರುವುದು ಸಾಮಾನ್ಯ. ಆ್ಯಪಿನಲ್ಲಿ ದೋಷ ಅಳಿಸು ಎಂಬರ್ಥದ ಗುಂಡಿ ಇರುತ್ತದೆ, ಅದನ್ನು ಕುತೂಹಲಕ್ಕೂ ಒತ್ತಬೇಡಿ. ನಾವು ಓದುಗರು ಮಾತ್ರ, ಲೆಡ್ಜರ್ ತಿದ್ದುವವರಲ್ಲ. ವಾರಂಟಿ ಇರುವ ಕಾರಾದರೆ ಶೋರೂಮಿನಲ್ಲಿ ಒಂದು ಮಾತು ಕೇಳಿಯೇ ಚುಚ್ಚುವುದು ಕ್ಷೇಮ.

ಈ ಸಾಧನ ಹೆಚ್ಚು ಬೆಲೆ ಬಾಳುವುದು ಹಳೆಯ ಕಾರು ಕೊಳ್ಳುವ ದಿನ. ನಮ್ಮ ಕಡೆಯವರು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಗಾಡಿ ತರುವುದೇ ಹೆಚ್ಚು. ಪೆಟ್ರೋಲ್ ಕಾರಾದರೆ ಮೆಕ್ಯಾನಿಕ್ ಹೊಗೆ ನೋಡುತ್ತಾನೆ, ಶಬ್ದ ಕೇಳುತ್ತಾನೆ. ಕರೆಂಟು ಕಾರಿಗೆ ಹೊಗೆಯೂ ಇಲ್ಲ, ಶಬ್ದವೂ ಇಲ್ಲ. ಬೆಲೆಯ ದೊಡ್ಡ ಪಾಲು ಬ್ಯಾಟರಿಯಲ್ಲೇ ಅಡಗಿದೆ. ಒಂದು ಬ್ಯಾಟರಿ ಎಂದು ನಾವು ಕರೆಯುವುದು ನಿಜವಾಗಿ ಸಾಲುಗಟ್ಟಿದ ಹಲವು ಸೆಲ್ಲುಗಳು. ಮೊದಲಿನ ಲೀಫ್ ಕಾರಿನಲ್ಲಿ 192 ಸೆಲ್ಲುಗಳು, ಎರಡೆರಡರ 96 ಜೋಡಿ. ನೊಗದಲ್ಲಿ ಒಂದು ಎತ್ತು ಕುಂಟಿದರೆ ಗಾಡಿಯೇ ನಿಲ್ಲುವಂತೆ, ಸಾಲಿನಲ್ಲಿ ಒಂದು ಸೆಲ್ಲು ಸೊರಗಿದರೂ ಇಡೀ ಬ್ಯಾಟರಿ ಅದರ ಮಟ್ಟಕ್ಕೆ ಇಳಿಯುತ್ತದೆ. ಆ್ಯಪು ಕಾರಿನ ಭಾಷೆ ಬಲ್ಲದ್ದಾದರೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಸೆಲ್ಲಿನ ವೋಲ್ಟೇಜನ್ನು ತೋರಿಸುತ್ತದೆ. ನಿಂತಾಗ ಎಲ್ಲವೂ ಸಮವಾಗಿಯೇ ಕಾಣಬಹುದು. ಚಾರ್ಜು ಕಡಿಮೆ ಇರುವಾಗ, ಒಂದು ಏರಿನಲ್ಲಿ ಓಡಿಸಿ ನೋಡಿ. ಒಂದೇ ಒಂದು ಸೆಲ್ಲು ಉಳಿದವುಗಳಿಂದ ದೂರ ಕುಸಿದರೆ ಆ ಕಾರು ಬೇಡ. ಮಾರುವವನು ಸಾಧನ ಚುಚ್ಚಲು ಬಿಡದಿದ್ದರೂ ಬೇಡ. ಕೊಂಡ ಮೇಲೆ ಹಳೆಯ ಮಾಲೀಕನ ಫೋನಿನಿಂದ ಆ ಕಾರನ್ನು ತೆಗೆಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಖಾತೆ ಬದಲಾಯಿಸದೆ ಮನೆ ಕೊಂಡಂತೆ ಆಗಬಾರದು.

ಚಾರ್ಜಿನ ವಿಷಯ ಬಹಳ ಜನ ಕೇಳುತ್ತಾರೆ. ಮನೆಯ 15 ಆಂಪಿಯರ್ ಸಾಕೆಟ್ಟಿನಲ್ಲಿ ಗಂಟೆಗೆ ಮೂರು ಯೂನಿಟ್ ತುಂಬುತ್ತದೆ. ಖಾಲಿ ಬ್ಯಾಟರಿಗೆ ಹತ್ತು ಹನ್ನೊಂದು ಗಂಟೆ. ನಮ್ಮ ಹಳ್ಳಿಗಳಲ್ಲಿ ಸಂಜೆ ಎಲ್ಲರ ಮನೆಯಲ್ಲೂ ದೀಪ ಹತ್ತಿದಾಗ ವೋಲ್ಟೇಜ್ ಇಳಿಯುತ್ತದೆ. 180ಕ್ಕೆ ಬಂದರೆ ಅದೇ ಸಾಕೆಟ್ಟಿನಲ್ಲಿ ಗಂಟೆಗೆ ಎರಡೂಕಾಲು ಯೂನಿಟ್ ಸಿಕ್ಕರೆ ಹೆಚ್ಚು. ಆ್ಯಪಿನಲ್ಲಿ ಇದು ಅಂಕಿಯಾಗಿಯೇ ಕಾಣುತ್ತದೆ. ಹಾಗಾಗಿ ನಮ್ಮ ಹುಡುಗ ರಾತ್ರಿ ಹತ್ತರ ಮೇಲೆ ಚುಚ್ಚುತ್ತಾನೆ. ತಮಿಳುನಾಡಿನಲ್ಲಿ 2016ರಲ್ಲಿ ಮನೆಗಳಿಗೆ ಎರಡು ತಿಂಗಳಿಗೆ 100 ಯೂನಿಟ್ ಉಚಿತ ಮಾಡಿದರಲ್ಲ, ಅಷ್ಟರಲ್ಲಿ ಕಾರು ಮೂರು ಸಲ ತುಂಬುತ್ತದೆ, ದೀಪ ಫ್ಯಾನಿಗೆ ಏನೂ ಉಳಿಯುವುದಿಲ್ಲ. ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಗಳಲ್ಲಿ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಆ ಸಾಕೆಟ್ಟು ಹತ್ತು ಗಂಟೆ ಒಂದೇ ಸಮನೆ ಭಾರ ಹೊರಬೇಕು, ಮಿಕ್ಸಿಯ ಹಾಗೆ ಎರಡು ನಿಮಿಷವಲ್ಲ.

ಅಕ್ಕನ ಮಗ ಈಗ ಆ ಸಾಧನವನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದಾನೆ, ತನಗೆ ಇನ್ನೊಂದು ತೆಗೆದುಕೊಂಡಿದ್ದಾನಂತೆ. ಭಾನುವಾರಗಳಲ್ಲಿ ಕಾರು ತರುತ್ತಾನೆ. ಅಂಕಿಗಳು ಓಡುವುದನ್ನು ಕಣ್ಣಾರೆ ನೋಡಬೇಕು ಎನ್ನುವವರು ನಾಟ್ರಾಂಪಾಳ್ಯಕ್ಕೆ ಬನ್ನಿ, ಬಸ್ ಸ್ಟಾಪಿನಲ್ಲಿ ಬ್ಯಾಂಕಿನವರ ಮನೆ ಎಂದರೆ ತೋರಿಸುತ್ತಾರೆ.